ಎರಡನೇ ಕ್ಯಾಸೆಟ್

ನನ್ನ ಎಡ ಹೆಗಲನ್ನು ಯಾರಾದರೂ ಹಿಂದಿನಿಂದ ಎರಡು ಬೆರಳಲ್ಲಿ ತಟ್ಟಿದರೆ ಇವತ್ತಿಗೂ ನಾನು ಬಲಕ್ಕೆ ತಿರುಗುತ್ತೇನೆ. ಯಾರು ತಟ್ಟಿದರೆಂದು ನೋಡಲು ಎಲ್ಲರೂ ಎಡಕ್ಕೆ ತಿರುಗುತ್ತಾರೆ, ನಾನು ಉಲ್ಟಾ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿಗೆ ತಟ್ಟಿದರೂ ಅಷ್ಟೇ. ಹೆಂಡತಿ ನಗುತ್ತಾಳೆ, ಮಕ್ಕಳು ಬೇಕೆಂದೇ ತಟ್ಟಿ ಆಟವಾಡಿಸುತ್ತಾರೆ. ನನಗೆ ನಗು ಬರುವುದಿಲ್ಲ. ಈ ತಿರುಗುವುದನ್ನು ನಾನು ಗೋಕಾಕದ ಒಂದು ಫೋಟೊ ಸ್ಟುಡಿಯೋದಲ್ಲಿ ಕಲಿತೆ. ಕಲಿಸಿದವರ ಮೇಲೆ ಸಿಟ್ಟಿಲ್ಲವೆಂದಲ್ಲ. ಆದರೆ ಅದಕ್ಕೆ ಕಲೆ ಎಂದು ಹೆಸರಿಟ್ಟು ಚಪ್ಪಾಳೆ ತಟ್ಟಿದವರ ಮೇಲಿನ ಸಿಟ್ಟಿದೆಯಲ್ಲ, ಅದು ಇಷ್ಟು ವರ್ಷವಾದರೂ ಇಳಿದಿಲ್ಲ.

ನಾನು ಮಸಗುಪ್ಪಿಯ ದಲಿತ ಕೇರಿಯವನು. ಈಗ ನಮ್ಮ ತಾಲೂಕು ಆಗಿರುವ ಮೂಡಲಗಿ ಆಗ ಇನ್ನೂ ಗೋಕಾಕ ತಾಲೂಕಿಗೇ ಸೇರಿತ್ತು. ನಮ್ಮ ಕೋರ್ಟು, ಆಸ್ಪತ್ರೆ, ಸಿನಿಮಾ ಎಲ್ಲವೂ ಗೋಕಾಕವೇ. ತೊಂಬತ್ತರ ದಶಕದ ನಡುವೆ ಪಿಯುಸಿ ನಪಾಸಾಗಿ ಆ ಸ್ಟುಡಿಯೋ ಸೇರಿದೆ. ಒಂದು ವರ್ಷದಲ್ಲಿ ಮದುವೆ ವಿಡಿಯೋ ತೆಗೆಯುವುದು ನನ್ನ ಕೆಲಸವಾಯಿತು. ಮಾಲಕರು ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಮಾತಾಡುವವರು. ಹೊತ್ತು ಮುಳುಗುವ ಮೊದಲು ಉಂಡು ಮುಗಿಸುವ ಶಿಸ್ತಿನ ಮನುಷ್ಯ. ನನ್ನ ಕೈಗೆ ಕ್ಯಾಮೆರಾ ಕೊಟ್ಟಾಗ ನಾಲ್ಕು ಜನ ಮೂಗು ಮುರಿದರೂ ಅವರು ಕೇಳಲಿಲ್ಲ. ಅದನ್ನು ಮರೆತರೆ ನನ್ನ ಸಿಟ್ಟಿಗೂ ಬೆಲೆಯಿಲ್ಲ.

ಆಗಿನ ಕ್ಯಾಮೆರಾ ಬಲ ಹೆಗಲ ಮೇಲೆ ಕೂರುವ ದೊಡ್ಡ ಪೆಟ್ಟಿಗೆ. ಒಂದು ಮದುವೆಯೆಂದರೆ ಎರಡು ಕ್ಯಾಸೆಟ್. ಅರಿಶಿಣ, ದೇವರ ಕಾರ್ಯ, ತಾಳಿ ಕಟ್ಟಿ ಅಕ್ಕಿಕಾಳು ಬೀಳುವವರೆಗೆ ಒಂದನೇದು. ಊಟದ ಪಂಕ್ತಿ, ಬೀಗರು ಸೀರೆ ಪಾತ್ರೆ ಕೊಡುವ ಆಯೇರಿ, ಹೆಣ್ಣು ಒಪ್ಪಿಸುವ ಅಳು, ಇವೆಲ್ಲ ಎರಡನೇದರಲ್ಲಿ. ಮೊದಮೊದಲು ನಾನು ಕಣ್ಣಿಗೆ ಬಿದ್ದವರನ್ನೆಲ್ಲ ತೆಗೆಯುತ್ತಿದ್ದೆ. ಹಲಗೆ ಬಡಿಯುವವರ ಕೈ ಓಡುವುದು, ಎಲೆ ಎತ್ತುವ ಹೆಂಗಸರು, ಪೆಂಡಾಲಿನಾಚೆ ಬೇರೆ ಸಾಲಿನಲ್ಲಿ ಕೂತು ಉಣ್ಣುವ ನಮ್ಮವರು. ಹುಕ್ಕೇರಿಯ ಒಂದು ಮನೆಯ ಹಿರಿಯರು ಕ್ಯಾಸೆಟ್ ನೋಡಿ ಕೆಂಡವಾದರು. ಸ್ಟುಡಿಯೋಕ್ಕೇ ಬಂದು, "ಇದು ನಮ್ಮ ಮದಿವೀದೋ ಏನ್ ಅವರದೋ? ಇವರ್ನೆಲ್ಲಾ ಯಾಕ ತುಂಬೀರಿ ಇದರಾಗ?" ಎಂದು ಕೂಗಾಡಿ, ಆ ಭಾಗವನ್ನೆಲ್ಲ ಕತ್ತರಿಸುವವರೆಗೆ ಎದ್ದು ಹೋಗಲಿಲ್ಲ.

ಅವರು ಹೋದ ಮೇಲೆ ಮಾಲಕರು ನನ್ನನ್ನು ಕರೆದರು. "ತಮ್ಮಾ, ಕ್ಯಾಸೆಟ್ ದಂಡ ಮಾಡಬ್ಯಾಡ. ಮನಿಯವ್ರು ಯಾರ್ನ ನೋಡಬೇಕಂತಾರ, ಅವರ್ನಷ್ಟ ತೆಗಿ. ನಿನಗ ತಿಳೀದಿದ್ರ ನಾ ಹೇಳತೇನಿ."

ಹೇಳುವುದೆಂದರೆ ಬಾಯಲ್ಲಲ್ಲ. ಮದುವೆ ಮನೆಯಲ್ಲಿ ಅವರು ನನ್ನ ಹಿಂದೆ ನಿಲ್ಲುತ್ತಿದ್ದರು. ಕ್ಯಾಮೆರಾ ಹೋಗಬಾರದವರ ಕಡೆ ಹೋಯಿತೆಂದರೆ ಖಾಲಿಯಿದ್ದ ನನ್ನ ಎಡ ಹೆಗಲ ಮೇಲೆ ಎರಡು ಬೆರಳು ಬೀಳುತ್ತಿದ್ದವು. ಟಪ್ ಟಪ್. ನಾನು ಬಲಕ್ಕೆ ತಿರುಗುತ್ತಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಹಿಂದೆ ನಿಲ್ಲುವ ಅಗತ್ಯವೂ ಉಳಿಯಲಿಲ್ಲ. ನಮ್ಮವರ ಮುಖ ಅಂಚಿಗೆ ಬಂದರೆ ಸಾಕು, ಮೈ ತಾನೇ ತಿರುಗುತ್ತಿತ್ತು. ಮೂಡಲಗಿಯ ಒಂದು ಮದುವೆಯಲ್ಲಿ ಹಲಗೆ ಬಡಿಯುತ್ತಿದ್ದ ನನ್ನ ಸ್ವಂತ ಕಾಕಾ ನನ್ನತ್ತ ನೋಡಿ ಹಲ್ಲು ಕಿರಿದ. ಅವನಿಗಾಗಿ ಅರ್ಧ ಗಳಿಗೆಯೂ ನಾನು ನಿಲ್ಲಲಿಲ್ಲ. ನನಗೆ ಅದು ತಪ್ಪೆಂದೂ ಅನ್ನಿಸಲಿಲ್ಲ. ಒಳ್ಳೆಯ ಕೆಲಸಗಾರ ಎಂದು ಹೆಸರು ಬಂದಿತ್ತು, ಅದರಲ್ಲೇ ಉಬ್ಬಿದ್ದೆ.

ನನ್ನ ಅವ್ವ ಸೂಲಗಿತ್ತಿ. ಅವಳ ತವರು ಮಮದಾಪುರ. ಮಸಗುಪ್ಪಿಯಲ್ಲೂ ಮಮದಾಪುರದಲ್ಲೂ ರೈತರ ಮನೆಗಳಲ್ಲಿ ಎಷ್ಟು ಹೆರಿಗೆ ಮಾಡಿಸಿದ್ದಾಳೋ ಅವಳಿಗೇ ಲೆಕ್ಕವಿರಲಿಲ್ಲ. ನೋವು ಶುರುವಾದರೆ ಎತ್ತಿನ ಗಾಡಿ ಕಳಿಸಿ ಕರೆಸುತ್ತಿದ್ದರು. ಹಿತ್ತಲ ಬಾಗಿಲಿಂದ ಒಳಗೆ ಬಿಡುತ್ತಿದ್ದರು. ಕೂಸು ಹುಟ್ಟಿ ಅವಳು ಹೊರಗೆ ಬಂದ ಮೇಲೆ ಅವಳು ಕೂತ ಜಾಗಕ್ಕೆ ನೀರು ಹೊಡೆಯುತ್ತಿದ್ದರು. ಹೊಕ್ಕುಳಬಳ್ಳಿ ಕೊಯ್ಯುವಾಗ ಇಲ್ಲದ ಮೈಲಿಗೆ ಆಮೇಲೆ ಎಲ್ಲಿಂದ ಬರುತ್ತದೋ! ಅವ್ವ ಅದನ್ನು ಎತ್ತಿ ಆಡಿದವಳಲ್ಲ. ಐದನೆಯ ದಿನ ಬಚ್ಚಲಲ್ಲಿ ಪೂಜೆಯಾಗುತ್ತದಲ್ಲ, ಅವತ್ತು ಮಾತ್ರ ಸೂಲಗಿತ್ತಿಯನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಉಡಿಯಲ್ಲಿ ಜೋಳ ಮತ್ತು ಕುಪ್ಪಸದ ಖಣ ಹಾಕಿ, ಮನೆಯವರಿಗಿಂತ ಮೊದಲು ಊಟಕ್ಕೆ ಬಡಿಸುತ್ತಾರೆ. ಆ ಒಂದು ದಿನದ ಮರ್ಯಾದೆಯಲ್ಲಿ ಉಳಿದದ್ದನ್ನೆಲ್ಲ ಅವಳು ನುಂಗುತ್ತಿದ್ದಳು.

ಒಮ್ಮೆ ಮಮದಾಪುರದ ದೊಡ್ಡ ಮನೆಯ ಮದುವೆಗೆ ನಾನು ವಿಡಿಯೋ ತೆಗೆಯಲು ಹೋಗಿದ್ದೆ. ಆ ಮದುಮಗಳು ಅವ್ವನ ಕೈಯಲ್ಲೇ ಹುಟ್ಟಿದವಳು. ಅದಕ್ಕೇ ಅವ್ವ ಒಂದು ಖಣ ಹಿಡಿದು ಬಂದು ಪೆಂಡಾಲಿನ ಕಂಬದ ಪಕ್ಕ ನಿಂತಿದ್ದಳು. ಆಯೇರಿಯ ಹೊತ್ತು. ಕ್ಯಾಮೆರಾ ಅತ್ತ ಹೋಯಿತು. ಅವ್ವ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು, ಫೋಟೊಕ್ಕೆ ನಿಂತವರ ಹಾಗೆ ಉಸಿರು ಬಿಗಿಹಿಡಿದು ನೋಡಿದಳು. ಅವತ್ತು ಮಾಲಕರು ಹಿಂದೆಯೇ ಇದ್ದರು. ಟಪ್ ಟಪ್. ಅವಳು ನನ್ನ ತಾಯಿಯೆಂದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ತಿರುಗಿದೆ.

ಮನೆಗೆ ಹೋದ ಕೂಡಲೇ ಅವ್ವನ ಮೊದಲ ಮಾತು, "ನನ್ನ ತಗದೇನೋ?"

"ಹೂಂ ಬೇ."

"ಚಂದ ಬಂದೇನೇನು?"

"ಬಂದೀ ಬೇ. ಎರಡನೇ ಕ್ಯಾಸೆಟ್ಟಿನಾಗ ಅದೀ."

ಎರಡನೇ ಕ್ಯಾಸೆಟ್ ಎಂದದ್ದು ಯಾಕೆಂದರೆ ಜನ ಒಂದನೇದನ್ನು ಹತ್ತು ಸಲ ಹಾಕುತ್ತಾರೆ, ಎರಡನೇದು ಟಿವಿಯ ಮೇಲೆ ಧೂಳು ತಿನ್ನುತ್ತದೆ. ಅವ್ವ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆ ಮನೆಯವರನ್ನು ಎರಡು ಮೂರು ಸಲ ಕೇಳಿದಳಂತೆ, ತೋರಿಸ್ರೆವ್ವಾ ಎಂದು. ಕರೆಂಟ್ ಇಲ್ಲ, ಪ್ಲೇಯರ್ ಕೆಟ್ಟಿದೆ ಎಂದು ಅವರು ಜಾರಿಕೊಂಡರು. ಅವರು ಜಾರಿಕೊಂಡಷ್ಟೂ ನನಗೆ ಜೀವ ಬರುತ್ತಿತ್ತು. ಎಂಥ ಮಗ ನಾನು!

ಅದಾಗಿ ಎರಡು ಮೂರು ವರ್ಷಕ್ಕೆ, ಹೊಸ ಶತಮಾನ ಶುರುವಾದ ಹೊತ್ತಿಗೆ, ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಬೆಂಗಳೂರಿನ ಒಂದು ಸಂಸ್ಥೆ ಅವಕಾಶವಂಚಿತ ಸಮುದಾಯಗಳ ಯುವಕರಿಗೆ ಸಾಕ್ಷ್ಯಚಿತ್ರ ಮಾಡಲು ಸಹಾಯಧನ, ಕ್ಯಾಮೆರಾ ಮತ್ತು ಒಬ್ಬ ಮಾರ್ಗದರ್ಶಿಯನ್ನು ಕೊಡುತ್ತದಂತೆ. ಓದಿದ ಕೂಡಲೇ ನನಗೆ ಹೊಳೆದದ್ದು ಒಂದೇ: ಅವ್ವನ ಮೇಲೆ ಸಿನಿಮಾ. ಹೇಳಿದ ಸುಳ್ಳನ್ನು ನಿಜ ಮಾಡಲು ಇದಕ್ಕಿಂತ ದಾರಿ ಬೇಕೇ? ಅವ್ವನಿಗೆ ಹೇಳಿದಾಗ ಅವಳು ನಕ್ಕು, "ಎಲ್ಲಾರ್ನೂ ಬಿಟ್ಟು ನಂದೊಂದ? ಪೂರಾ ನಂದ?" ಎಂದಳು. "ಪೂರಾ ನಿಂದ ಬೇ" ಎಂದೆ.

ಅರ್ಜಿ ಇಂಗ್ಲಿಷಿನಲ್ಲಿತ್ತು. ಅವಕಾಶವಂಚಿತರು ಇಂಗ್ಲಿಷಿನಲ್ಲೇ ವಂಚಿತರಾಗಿರಬೇಕು ಎಂಬ ನಿಯಮವೇನೋ. ನಿಮ್ಮ ಸಮುದಾಯದ ಯಾತನೆಯನ್ನು ಇನ್ನೂರು ಪದಗಳಲ್ಲಿ ವಿವರಿಸಿ ಎಂದು ಒಂದು ಪ್ರಶ್ನೆ. ಇನ್ನೂರ ಒಂದನೆಯ ಪದದ ಯಾತನೆ ಅವರಿಗೆ ಬೇಡ! ಹೇಗೋ ತುಂಬಿಸಿ ಕಳಿಸಿದೆ, ಸಂದರ್ಶನಕ್ಕೆ ಕರೆ ಬಂತು. ಮೂವರು ಕುಳಿತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಬಿಳಿ ಧೋತರ ಉಟ್ಟವರ ಮುಖ ಕಪ್ಪಾಗದಂತೆ ಹೇಗೆ ತೆಗೆಯುತ್ತೇನೆ, ನೂಕುನುಗ್ಗಲಿನಲ್ಲಿ ಕೈ ಅಲುಗದಂತೆ ಹೇಗೆ ಹಿಂದೆ ನಡೆಯುತ್ತೇನೆ, ಎಲ್ಲ ಹೇಳಿದೆ. ಆರು ವರ್ಷ ದುಡಿದು ಕಲಿತ ವಿದ್ಯೆ ಅದು. ಒಬ್ಬ ಮೇಡಂ ನಡುವೆ ತಡೆದು, "ಅದೆಲ್ಲ ಟೆಕ್ನಿಕಲ್. ನಿಮಗೆ ಆದ ಅವಮಾನದ ಬಗ್ಗೆ ಹೇಳಿ" ಎಂದರು. ಅವ್ವನ ಹಿತ್ತಲ ಬಾಗಿಲಿನ ಕಥೆ ಹೇಳಿದೆ. ಅಲ್ಲಿವರೆಗೆ ಸುಮ್ಮನಿದ್ದ ಮೂರೂ ಪೆನ್ನುಗಳು ಓಡತೊಡಗಿದವು. ಆಯ್ಕೆಯಾದೆ.

ನನಗೆ ಸಿಕ್ಕ ಮಾರ್ಗದರ್ಶಿ ವಿದೇಶಗಳಲ್ಲಿ ಬಹುಮಾನ ಪಡೆದವರು. ಒಂದೇ ಸಲ ನಮ್ಮ ಕಡೆ ಬಂದರು, ಎರಡು ದಿನಕ್ಕೆ. ಒಂದು ಇಡೀ ದಿನ ಧುಪದಾಳದ ಒಡ್ಡಿನ ಮೇಲೆ ನಿಂತು ನೀರು ಬೀಳುವುದರ ಫೋಟೊ ತೆಗೆದರು. ಎರಡನೆಯ ದಿನ ಮಸಗುಪ್ಪಿಗೆ ಒಂದು ತಾಸು. ಅವ್ವ ಚಹಾ ಕೊಟ್ಟಳು. ಅವರು ಲೋಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಎತ್ತಿ ಕುಡಿದರು, ನಮ್ಮ ಮನೆಯ ಚಹಾ ಕುಡಿಯುವುದು ಒಂದು ಸತ್ಕಾರ್ಯ ಎಂಬಂತೆ. ಅವ್ವನಿಗೆ ಅದೆಲ್ಲ ಬೇಕಿರಲಿಲ್ಲ. ಅವಳದು ಒಂದೇ ಪ್ರಶ್ನೆ.

"ಸಾಹೇಬ್ರ, ನಾ ಟಿವಿಯಾಗ ಚಂದ ಕಾಣತೇನೇನ್ರಿ?"

"ತುಂಬ ಚೆನ್ನಾಗಿ ಕಾಣ್ತೀರಮ್ಮ," ಎಂದರು ಅವರು. ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅದೇ ವರ್ಷ ಮಮದಾಪುರದ ಆ ಮದುಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳನ್ನು ಹುಟ್ಟಿಸಿದ ಕೈಯೇ ಅವಳ ಕೂಸನ್ನೂ ಹುಟ್ಟಿಸುವುದು! ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಗಬೇಕು? ಮನೆಯವರು ಒಪ್ಪಿದರು. ಹೆರಿಗೆಯ ಕೋಣೆಯೊಳಗೆ ನಾನು ಹೋಗುವಂತಿಲ್ಲ, ಅದು ಸರಿಯೇ. ಹೊರಗೆ ನಿಂತು ಅವ್ವ ಒಳಗೆ ಹೋಗುವುದು, ಬಿಸಿನೀರು ಕೇಳುವುದು, ಕೂಸನ್ನು ಎತ್ತಿ ಹೊರಗೆ ತೋರಿಸುವುದು, ಮುಂದಿನ ದಿನಗಳಲ್ಲಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು, ಐದನೆಯ ದಿನ ಮಣೆಯ ಮೇಲೆ ಕೂರುವುದು, ಎಲ್ಲ ತೆಗೆದೆ. ತೆಗೆದೆ ಎಂದುಕೊಂಡೆ.

ಇಲ್ಲಿ ನನ್ನ ಕಸುಬಿನ ಒಂದು ಅಭ್ಯಾಸ ಹೇಳಬೇಕು. ಮದುವೆ ತೆಗೆಯುವವರು ಬಲಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿ ಎಡಗಣ್ಣನ್ನು ತೆರೆದೇ ಇಟ್ಟಿರುತ್ತೇವೆ, ಪಕ್ಕದಲ್ಲಿ ಏನಾಗುತ್ತಿದೆಯೆಂದು ತಿಳಿಯಲು. ಆ ಐದು ದಿನವೂ ನನ್ನ ಎಡಗಣ್ಣು ಅವ್ವನ ಮೇಲೆಯೇ ಇತ್ತು. ಅವಳ ಬೆವರು, ಕೂಸನ್ನು ಕಂಡು ಅರಳುವ ಮುಖ, ಒಂದನ್ನೂ ಬಿಡಲಿಲ್ಲ. ಕಂಡದ್ದೆಲ್ಲ ಟೇಪಿನಲ್ಲಿದೆ ಎಂದೇ ನಂಬಿದ್ದೆ. ಸಂಸ್ಥೆ ಕೊಟ್ಟ ಕ್ಯಾಮೆರಾದ ಚಿಕ್ಕ ಟೇಪು ಹಾಕಿ ನೋಡುವ ಯಂತ್ರ ಗೋಕಾಕದಲ್ಲಿರಲಿಲ್ಲ, ಕ್ಯಾಮೆರಾದಲ್ಲೇ ತಿರುಗಿಸಿ ನೋಡಿದರೆ ಹಾಳಾಗುತ್ತದೆಂದು ಮಾರ್ಗದರ್ಶಿ ಎಚ್ಚರಿಸಿದ್ದರು. ಹಾಗೇ ಬೆಂಗಳೂರಿಗೆ ಒಯ್ದೆ.

ಎಡಿಟಿಂಗ್ ಕೋಣೆಯಲ್ಲಿ ಪರದೆಯ ಮೇಲೆ ಮೊದಲ ಟೇಪು ಓಡಿತು. ಅವ್ವನ ಕೈ. ಅವಳ ಸೆರಗಿನ ತುದಿ. ಕೂಸು. ಬಾಣಂತಿಯ ತಾಯಿ. ಅವ್ವನ ಮುಖ ಅಂಚಿನಲ್ಲಿ ಕಾಣುತ್ತಲೇ ಕ್ಯಾಮೆರಾ ಮೆಲ್ಲಗೆ ಬಲಕ್ಕೆ ಜಾರಿತು. ಮತ್ತೆ ಮುಖ, ಮತ್ತೆ ಜಾರಿತು. ಎರಡನೇ ಟೇಪು, ಮೂರನೇ ಟೇಪು, ಎಲ್ಲ ಅದೇ. ಐದನೆಯ ದಿನದ ಪೂಜೆಯಲ್ಲಂತೂ ಮನೆಯವರು, ಬಂದವರು, ಎಲ್ಲರೂ ಮಣೆಯ ಮೇಲೆ ಕೂತ ಅವ್ವನನ್ನೇ ನೋಡುತ್ತಿದ್ದರು. ನಾನು ತೆಗೆದದ್ದು ನೋಡುತ್ತಿದ್ದ ಅವರ ಮುಖಗಳನ್ನು. ಅವಳು ಕೂತಲ್ಲಿ ನೀರು ಹೊಡೆಯುವ ಜನ ಕೂಡ ಅವತ್ತು ಅವಳನ್ನು ನೋಡಿದ್ದರು. ನೋಡದೆ ಇದ್ದವನು ಹೊಟ್ಟೆಯಲ್ಲಿ ಹುಟ್ಟಿದ ಮಗ ಒಬ್ಬನೇ.

"ಸರ್, ಇದು ತಪ್ಪಾಗೈತ್ರಿ," ಎಂದು ಎದ್ದು ನಿಂತೆ. "ನಾ ಮತ್ತ ಹೋಗಿ ತಗೊಂಡ ಬರ್ತೀನ್ರಿ. ಮನಿಯವ್ರು ಇಲ್ಲಾ ಅನ್ನೂದಿಲ್ಲ."

ಮಾರ್ಗದರ್ಶಿಯ ಕಣ್ಣುಗಳು ಹೊಳೆಯುತ್ತಿದ್ದವು. "ಹುಚ್ಚಾ ನಿಮಗೆ? ಇದನ್ನ ಮುಟ್ಟಲೇಬೇಡಿ. ಆಕೆಯನ್ನ ತೋರಿಸದೇ ತೋರಿಸಿದೀರಿ. ಇಂಥ ಚಿತ್ರಭಾಷೆ ನನ್ನ ವಿದ್ಯಾರ್ಥಿಗಳಿಗೆ ಹತ್ತು ವರ್ಷ ಹೇಳಿಕೊಟ್ಟರೂ ಬರಲ್ಲ."

ನಾನು ಹೆಗಲ ಮೇಲಿನ ಎರಡು ಬೆರಳಿನ ಸಂಗತಿ ಹೇಳಿದೆ. ಹೇಳಿದರೆ ಅವರಿಗೆ ನಾಚಿಕೆಯಾದೀತು, ಹೋಗಿ ಸರಿಮಾಡಿಕೊಂಡು ಬಾ ಎಂದಾರು ಎಂದುಕೊಂಡಿದ್ದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಅಬ್ಬಾ! ಇದನ್ನ ನಿಮ್ಮ ದನಿಯಲ್ಲೇ ಹಿನ್ನೆಲೆಗೆ ಹಾಕೋಣ" ಎಂದರು. ಅದೊಂದಕ್ಕೆ ಮಾತ್ರ ನಾನು ಒಪ್ಪಲಿಲ್ಲ.

"ಅವ್ವಗ ಏನ್ ಹೇಳ್ಲಿರಿ ಸರ್? ಆಕೀ ತನ್ನ ನೋಡ್ಕೊಬೇಕಂತ ಕಾಯಾಕತ್ತಾಳ್ರಿ."

"ಅವರಿಗೆ ಅರ್ಥ ಆಗುತ್ತೆ. ಇಂಥವರಿಗೇ ಮೊದಲು ಅರ್ಥ ಆಗೋದು."

ಇಂಥವರು! ಒಂದು ತಾಸು ಚಹಾ ಕುಡಿದು ಇಂಥವರನ್ನು ಅಳೆದು ಬಂದಿದ್ದರು ಈ ಮಹಾನುಭಾವ. ಮಾರನೆಯ ದಿನವೇ ಕ್ಯಾಮೆರಾವನ್ನು ಸಂಸ್ಥೆ ವಾಪಸು ತೆಗೆದುಕೊಂಡಿತು, ಮುಂದಿನ ಅವಕಾಶವಂಚಿತ ಸರದಿಯಲ್ಲಿದ್ದ. ಆದರೂ ನಾನು ಹಟ ಹಿಡಿಯಬಹುದಿತ್ತು. ಇದು ನನ್ನ ಸಿನಿಮಾ ಅಲ್ಲ, ನನ್ನ ಹೆಸರು ತೆಗೆಯಿರಿ ಎನ್ನಬಹುದಿತ್ತು. ನನ್ನ ನಾಲಿಗೆ ಬಿದ್ದುಹೋಗಿತ್ತೇ? ಇಲ್ಲ. ಬೆಂಗಳೂರಿನಲ್ಲಿ ಒಬ್ಬರು ನನ್ನ ಕೆಲಸವನ್ನು ಅದ್ಭುತ ಎನ್ನುತ್ತಿದ್ದರು, ಅದು ಬೆಲ್ಲದಷ್ಟು ಸಿಹಿಯಾಗಿತ್ತು. ಸುಮ್ಮನಾದೆ. ಸಿನಿಮಾಕ್ಕೆ ಹೆಸರನ್ನೂ ಅವರೇ ಇಟ್ಟರು, ಇಂಗ್ಲಿಷಿನಲ್ಲಿ.

ಬೆಂಗಳೂರಿನ ಪ್ರದರ್ಶನದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತ, "ಆಕೆಯನ್ನ ಮರೆಯಲ್ಲೇ ಇಡಬೇಕು ಅನ್ನೋ ನಿರ್ಧಾರಕ್ಕೆ ಹೇಗೆ ಬಂದ್ರಿ?" ಎಂದು ಕೇಳಿದರು. ನಾನು ಮೈಕ್ ಹಿಡಿದು, "ನಿರ್ಧಾರ ಅಲ್ರಿ ಅದು, ರೂಢಿ" ಎಂದೆ. ಅದಕ್ಕೂ ಚಪ್ಪಾಳೆ! ನಮ್ಮ ಗಾಯವನ್ನು ಬಾಯಲ್ಲಿಟ್ಟು ಚಪ್ಪರಿಸುವ ಜನರ ನಡುವೆ ನಿಂತು ನನಗೆ ಮೈಯೆಲ್ಲ ಉರಿಯಿತು. ಅದರಲ್ಲಿ ಅರ್ಧ ಉರಿ ನನ್ನ ಮೇಲೆಯೇ.

ಊರಿಗೆ ಬಂದಾಗ ನನ್ನ ಚೀಲದಲ್ಲಿ ಸಿನಿಮಾದ ಕ್ಯಾಸೆಟ್ ಇತ್ತು. ಅದು ಹಾಳಾಯಿತು, ಕಳೆಯಿತು ಎಂದು ಇನ್ನೊಂದು ಸುಳ್ಳು ಹೇಳುವ ಯೋಚನೆ ಮೂಡಲಗಿಯಲ್ಲಿ ಬಸ್ಸು ಬದಲಿಸುವವರೆಗೂ ಇತ್ತು. ಮನೆ ಮುಟ್ಟಿದರೆ ಅವ್ವ ಆಗಲೇ ಟಿವಿ, ಪ್ಲೇಯರ್ ಬಾಡಿಗೆಗೆ ತರಿಸಿ, ಕೇರಿಯವರಿಗೆಲ್ಲ ಹೇಳಿ ಕಳಿಸಿದ್ದಳು. ಕರೆಂಟ್ ಇರುವ ಹೊತ್ತು ನೋಡಿ ಮಧ್ಯಾಹ್ನವೇ ಇಟ್ಟಿದ್ದಳು. ಹಸಿರು ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಎಲ್ಲರಿಗಿಂತ ಮುಂದೆ ಕೂತಳು.

ಇಪ್ಪತ್ತೆರಡು ನಿಮಿಷದ ಸಿನಿಮಾ. ಕೇರಿಯವರು ಮೊದಲು ಉಮೇದಿನಲ್ಲಿ, "ಏ, ಅದು ನಿನ್ನ ಕೈ ಅಲ್ಲೇನಬೇ?", "ಬಳಿ ನೋಡ, ನಿನ್ನವ!" ಎಂದು ಕೂಗುತ್ತಿದ್ದರು. ಆಮೇಲೆ ದನಿ ಕಮ್ಮಿಯಾಯಿತು. ಅವ್ವನ ಮುಖ ಅಂಚಿಗೆ ಬಂದಾಗಲೆಲ್ಲ ಅವಳು ತಾನೂ ಕೂತಲ್ಲೇ ಸ್ವಲ್ಪ ಎಡಕ್ಕೆ ಬಾಗುತ್ತಿದ್ದಳು, ಬಾಗಿ ನೋಡಿದರೆ ಮರೆಯಲ್ಲಿದ್ದದ್ದು ಕಾಣುತ್ತದೆ ಎಂಬಂತೆ. ಹಿಂದೆ ನಿಂತಿದ್ದ ನಾನು ಅದನ್ನು ನೋಡಿದೆ. ಆ ಬಾಗುವುದನ್ನು ಆ ಮೂವರು ಪೆನ್ನಿನವರು ನೋಡಬೇಕಿತ್ತು. ಮಾರ್ಗದರ್ಶಿ ನೋಡಬೇಕಿತ್ತು. ಎದ್ದು ಚಪ್ಪಾಳೆ ತಟ್ಟುತ್ತಿದ್ದರೋ ಏನೋ.

ಸಿನಿಮಾ ಮುಗಿಯಿತು. ಅವ್ವ ಏಳಲಿಲ್ಲ. ಕಾಲು ಮಡಚಿ ಸರಿಯಾಗಿ ಕೂತು ನನ್ನತ್ತ ತಿರುಗಿ ಹೇಳಿದಳು:

"ಎರಡನೇ ಕ್ಯಾಸೆಟ್ ಹಚ್ಚೋ."

ನಾನು ಪ್ಲೇಯರಿನಿಂದ ಕ್ಯಾಸೆಟ್ ಹೊರಗೆ ತೆಗೆದೆ.

"ನಾ ಬರೂದು ಎರಡನೇದರಾಗ ಹೌದಿಲ್ಲೋ? ಹಚ್ಚು, ಮಂದಿ ಕುಂತಾರ."

ಎರಡನೇದು ಇಲ್ಲ ಎಂದೆ. ಇದರಲ್ಲೂ ಇಲ್ಲ, ಮಮದಾಪುರದ ಮದುವೆಯದರಲ್ಲೂ ಇಲ್ಲ, ಅವತ್ತು ಹೇಳಿದ್ದು ಸುಳ್ಳು ಎಂದು ಕೇರಿಯ ಎದುರೇ ಹೇಳಿದೆ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅವ್ವ ಬೈಯಲಿಲ್ಲ. ಟಿವಿಯ ಮೇಲೆ ಬಟ್ಟೆ ಹೊದಿಸಿದಳು. "ಹಂಗಾರ ನಾಳಿ ತೆಗಿ. ಸೀರಿ ಬಿಚ್ಚಿಡಾಂಗಿಲ್ಲ, ಇದ ಉಟ್ಕೊಂತೀನಿ" ಎಂದಳು.

ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಹೋಗಿ ಮಾಲಕರಿಗೆ ಎಲ್ಲ ಹೇಳಿದೆ, ಅವತ್ತು ಕಂಬದ ಪಕ್ಕ ನಿಂತವಳು ನನ್ನ ತಾಯಿ ಎಂಬುದನ್ನೂ. ಅವರು ತುಂಬ ಹೊತ್ತು ಕನ್ನಡಕ ಒರೆಸಿದರು. "ಗಿರಾಕಿ ಹೇಳಿದ್ದ ನಾ ಮಾಡಿದೆ. ತಪ್ಪ ಆತು ಖರೆ" ಎಂದು ಹಳೆಯ ಹೆಗಲ ಕ್ಯಾಮೆರಾ ಮತ್ತು ಸೀಲು ಒಡೆಯದ ಒಂದು ಕ್ಯಾಸೆಟ್ ಮುಂದಿಟ್ಟರು. ಅವರನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಆದರೆ ಅವರು ಅದನ್ನು ಕಲೆ ಎನ್ನಲಿಲ್ಲ, ತಪ್ಪು ಎಂದರು. ಅಷ್ಟು ಮರ್ಯಾದೆ ಅವರಿಗಿತ್ತು.

ಮನೆಯ ಅಂಗಳದಲ್ಲಿ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ಕ್ಯಾಮೆರಾ ಎತ್ತಿದೆ. ಅವಳ ಮುಖ ನಡುವಿಗೆ ಬಂತು. ಹಿಂದೆ ಯಾರೂ ಇರಲಿಲ್ಲ, ಆದರೂ ನನ್ನ ಎಡ ಹೆಗಲು ಜುಮ್ಮೆಂದು ಮೈ ಬಲಕ್ಕೆ ಎಳೆಯಿತು. ಮತ್ತೆ ಹಿಡಿದೆ, ಮತ್ತೆ ಎಳೆಯಿತು. ಕಡೆಗೆ ಎರಡು ಸ್ಟೂಲು ಒಂದರ ಮೇಲೊಂದು ಇಟ್ಟು, ಕ್ಯಾಮೆರಾವನ್ನು ಎತ್ತಿನ ಹಗ್ಗದಿಂದ ಅದಕ್ಕೆ ಬಿಗಿದು ಕಟ್ಟಿ, ಬಟನ್ ಒತ್ತಿ, ಕೈ ಎಟುಕದಷ್ಟು ದೂರ ಹೋಗಿ ಕೂತೆ. ಅವ್ವ ಒಂದು ತಾಸು ಮಾತಾಡಿದಳು. ಯಾವ ಮನೆಯ ಕೂಸು ಕಾಲು ಮುಂದಾಗಿ ಬಂತು, ಹುಟ್ಟಿ ಅಳದೆ ಇದ್ದ ಕೂಸನ್ನು ತಾನು ಹೇಗೆ ಅಳುವಂತೆ ಮಾಡಿದೆ, ಯಾವ ಮನೆಯಲ್ಲಿ ತನ್ನ ಹಿಂದೆಯೇ ನೀರು ಹೊಡೆದರು. ಕೊನೆಯದನ್ನು ಅವಳು ಬಾಯಿಬಿಟ್ಟು ಹೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಅದರ ಒಂದು ಪ್ರತಿಯನ್ನು ಸಂಸ್ಥೆಗೆ ಕಳಿಸಿದೆ, ಮೊದಲಿನದನ್ನು ಬಿಟ್ಟು ಇದನ್ನು ತೋರಿಸಿ ಎಂದು. ಇದರಲ್ಲಿ ಚಿತ್ರಭಾಷೆ ಇಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ಮೊದಲಿನದು ಈಗಲೂ ಅಲ್ಲಲ್ಲಿ ಓಡುತ್ತದೆ ಎಂದು ಕೇಳಿದ್ದೇನೆ, ನನ್ನ ಹೆಸರಿನಲ್ಲೇ. ನಿಲ್ಲಿಸಿ ಎಂದು ಬರೆದ ನನ್ನ ಪತ್ರಗಳಿಗೆ ಉತ್ತರವಿಲ್ಲ.

ಅಂಗಳದಲ್ಲಿ ತೆಗೆದ ದಿನವೇ ಮಧ್ಯಾಹ್ನ ಅವ್ವ ಆ ಕ್ಯಾಸೆಟ್ಟನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ಈ ಸಲ ಎಡಕ್ಕೂ ಬಾಗಲಿಲ್ಲ, ಬಲಕ್ಕೂ ಬಾಗಲಿಲ್ಲ. ಮುಗಿದ ಮೇಲೆ ಸ್ಟೂಲಿಗೆ ಕಟ್ಟಿದ್ದ ಹಗ್ಗವನ್ನು ತಾನೇ ಬಿಚ್ಚಿ ಸುತ್ತುತ್ತ ಕೇಳಿದಳು:

"ಇಷ್ಟ ಸಲೀಸ ಇತ್ತೇನೋ? ಮತ್ತ ಇಷ್ಟ ವರ್ಷ ಯಾಕ ತೆಗೀಲಿಲ್ಲ?"